ಬೇಲಿ ಸವರುವ ಕಾಲ ಮತ್ತು ಮನೆಯವರ ಆರೋಗ್ಯ



ಮಳೆಗಾಲ ಕಳೆದು ಹೊಲದ ಕೆಲಸ ತುಸು ಹಗುರವಾದೊಡನೆ ನಮ್ಮ ಹಳ್ಳಿಗಳಲ್ಲಿ ನೆನಪಿಗೆ ಬರುವ ಕೆಲಸಗಳಲ್ಲಿ ಮನೆಯ ಬೇಲಿಯನ್ನು ಸವರುವುದೂ ಒಂದು. ನಾಲ್ಕು ತಿಂಗಳ ಮಳೆಯ ನಂತರ ಬೇಲಿಯು ಬೇಲಿಯಾಗಿ ಉಳಿದಿರುವುದಿಲ್ಲ. ಕಳ್ಳಿಯ ಮೇಲೆ ಲಂಟಾನ, ಲಂಟಾನದ ಮೇಲೆ ಬಳ್ಳಿ, ಬುಡದಲ್ಲಿ ಪಾರ್ಥೇನಿಯಂ, ಅದರ ನಡುವೆ ತೆಂಗಿನ ಚಿಪ್ಪು, ಹರಿದ ಚೀಲ, ಒಡೆದ ಕೊಡ. ಹೀಗೆ ಎರಡಡಿ ಅಗಲವಿದ್ದ ಬೇಲಿಯು ಆರೇಳು ಅಡಿಯ ಪೊದೆಯಾಗಿ ಹಿತ್ತಿಲನ್ನು ನುಂಗಿರುತ್ತದೆ.

ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ಬೇಲಿಯ ಮಾತೇಕೆ ಎಂದು ನೀವು ಕೇಳಬಹುದು. ಬೇಲಿಯ ಬಳಿಗೆ ದಿನಕ್ಕೆ ಹತ್ತು ಬಾರಿ ಹೋಗುವವರು ಯಾರೆಂದು ಸ್ವಲ್ಪ ಯೋಚಿಸಿರಿ. ಪಾತ್ರೆ ತೊಳೆದ ನೀರನ್ನು ಚೆಲ್ಲಲು, ಒಲೆಗೆ ಪುರಳೆ ಆಯಲು, ಬಟ್ಟೆ ಒಣಹಾಕಲು, ಕೋಳಿಯನ್ನು ಗೂಡಿಗೆ ಅಟ್ಟಲು, ಬಚ್ಚಲಿಗೆ, ಶೌಚಾಲಯಕ್ಕೆ ಎಂದು ಆ ಕಡೆ ಓಡಾಡುವವರು ಮನೆಯ ಗೃಹಿಣಿ. ಅವರ ಸೆರಗು ಹಿಡಿದು ಹಿಂದೆಯೇ ಹೋಗುವುದು ಮಗು. ತಾಯಿ ಮತ್ತು ಮಗುವಿನ ಆರೋಗ್ಯವನ್ನು ಕುರಿತು ಮಾತನಾಡುವಾಗ ಆಸ್ಪತ್ರೆ, ಲಸಿಕೆ, ಪೌಷ್ಟಿಕ ಆಹಾರ ಇವುಗಳೊಂದಿಗೆ ಅಡುಗೆಮನೆಯ ಹಿಂಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿರುವ ಈ ಪೊದೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಪೊದೆಯನ್ನು ಬೆಳೆಯಲು ಬಿಡಬಾರದೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಅದರೊಳಗಿನ ಅಪಾಯಗಳು ಮನುಷ್ಯನ ಮೈಗೆ ತಾಗುವುದು ಬಹುಮಟ್ಟಿಗೆ ಅದನ್ನು ಕಡಿಯುವ ದಿನವೇ ಎಂಬುದನ್ನು ಬಲ್ಲವರು ಕಡಿಮೆ. ಕೆಲವು ಅಪಾಯಗಳು ಆ ದಿನವೂ ಕಾಣಿಸಿಕೊಳ್ಳದೆ ಎರಡು ಮೂರು ವಾರಗಳ ಅನಂತರ ಜ್ವರದ ರೂಪದಲ್ಲಿ ಬರುತ್ತವೆ. ಆದುದರಿಂದ ಬೇಲಿ ಸವರುವ ಕೆಲಸವನ್ನು ಯಾರು, ಯಾವಾಗ, ಹೇಗೆ ಮಾಡಬೇಕು, ಮಾಡಿದ ಮೇಲೆ ಎಷ್ಟು ದಿನ ಎಚ್ಚರದಿಂದಿರಬೇಕು ಎಂಬುದನ್ನು ಗಂಡಹೆಂಡಿರಿಬ್ಬರೂ ಕುಳಿತು ಮೊದಲೇ ಗೊತ್ತುಮಾಡಿಕೊಳ್ಳುವುದು ಅವಶ್ಯಕ.

ಬೇಲಿಯಲ್ಲಿ ಏನೇನಿದೆ?

ಮಚ್ಚು ಹಿಡಿಯುವ ಮುನ್ನ ಬೇಲಿಯ ಉದ್ದಕ್ಕೂ ಒಮ್ಮೆ ನಿಧಾನವಾಗಿ ನಡೆದು ನೋಡಬೇಕು. ಮೊಟ್ಟಮೊದಲು ನೋಡಬೇಕಾದುದು ವಿದ್ಯುತ್ ತಂತಿಯನ್ನು. ಬಚ್ಚಲಿನ ದೀಪಕ್ಕೋ ಪಂಪಿಗೋ ಎಳೆದ ತಂತಿಯು ಬಳ್ಳಿಗಳ ನಡುವೆ ಮುಚ್ಚಿಹೋಗಿದ್ದರೆ ಕುಡುಗೋಲಿನ ಒಂದೇ ಏಟಿಗೆ ಪ್ರಾಣ ಹೋದೀತು. ಎರಡನೆಯದಾಗಿ ಕಣಜದ ಗೂಡು. ಅದು ಕಂಡರೆ ಆ ಭಾಗವನ್ನು ಮುಟ್ಟದೆ ಬಿಡುವುದೇ ಜಾಣತನ.

ಇನ್ನು ಗಿಡಗಳ ವಿಷಯ. ಕಳ್ಳಿಯನ್ನು ನಮ್ಮ ಹಿರಿಯರು ಬೇಲಿಗಾಗಿ ಆರಿಸಿಕೊಂಡದ್ದು ದನಗಳು ಅದನ್ನು ಮುಟ್ಟುವುದಿಲ್ಲವೆಂಬ ಕಾರಣಕ್ಕೆ. ದನಗಳು ಮುಟ್ಟದಿರುವುದಕ್ಕೆ ಕಾರಣ ಅದರ ಹಾಲು. ಕಡಿಯುವಾಗ ಈ ಹಾಲಿನ ಒಂದು ಹನಿ ಕಣ್ಣಿಗೆ ಸಿಡಿದರೂ ಕೆಲವು ಗಂಟೆಗಳಲ್ಲಿ ಕಣ್ಣು ಕೆಂಪಾಗಿ, ಉರಿದು, ದೃಷ್ಟಿ ಮಂಜಾಗುತ್ತದೆ. ಹಾಗೆ ಆದೊಡನೆ ಶುದ್ಧವಾದ ನೀರನ್ನು ಕಾಲುಗಂಟೆಯಿಂದ ಇಪ್ಪತ್ತು ನಿಮಿಷಗಳವರೆಗೆ ಕಣ್ಣಿಗೆ ಸುರಿಯುತ್ತಿರಬೇಕು. ಬಳಿಕ ವೈದ್ಯರಿಗೆ ತೋರಿಸಬೇಕು. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಇವುಗಳನ್ನು ಬಿಡುವ ಪದ್ಧತಿ ಇನ್ನೂ ಉಳಿದಿದೆ. ಇವುಗಳಿಂದ ಕಣ್ಣಿಗೆ ಸೋಂಕು ತಗಲುವುದೇ ಹೊರತು ಉಪಕಾರವಿಲ್ಲ.

ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ನಮ್ಮ ದೇಶದ್ದಲ್ಲ. 1950ರ ದಶಕದಲ್ಲಿ ಪುಣೆಯ ಸುತ್ತಮುತ್ತ ಕಂಡುಬಂದು ಅಲ್ಲಿಂದ ದೇಶದಾದ್ಯಂತ ಹರಡಿತು. ಇದರ ಸಂಪರ್ಕದಿಂದ ಕೆಲವರಿಗೆ ಕತ್ತು, ಮುಖ, ಮೊಣಕೈ ಮಡಿಕೆಗಳಲ್ಲಿ ಚರ್ಮ ದಪ್ಪಗಾಗಿ ವರ್ಷಗಟ್ಟಲೆ ಕಾಡುವ ತುರಿಕಜ್ಜಿ ಉಂಟಾಗುತ್ತದೆ. ಉಬ್ಬಸವಿರುವವರಿಗೆ ಉಬ್ಬಸ ಹೆಚ್ಚಬಹುದು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುವುದರಿಂದ ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ, ಕೈಗವಸು ಹಾಕಿಕೊಂಡು ಬೇರುಸಮೇತ ಕೀಳಬೇಕು. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಿರಿ. ಎಲೆಯ ಮೇಲೆ ಬಿಳುಪು ಮೈಯ, ಕಂದು ಗೆರೆಗಳ ಪುಟ್ಟ ದುಂಬಿಯೊಂದು ಕುಳಿತು ಎಲೆಯನ್ನು ಜರಡಿಯಂತೆ ತಿಂದಿರುವುದು ಕಂಡರೆ ಅದನ್ನು ಕೊಲ್ಲಬೇಡಿರಿ. ಈ ಗಿಡವನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ದುಂಬಿ ಅದು.

ಲಂಟಾನವು ನೋಡಲು ಚೆಂದದ ಹೂವಿನ ಗಿಡ. ಆದರೆ ಅದರ ಎಲೆ ತಿಂದ ದನಗಳಿಗೆ ಕಾಮಾಲೆಯಾಗುತ್ತದೆ. ಹಸಿರು ಕಾಯಿಗಳನ್ನು ಮಕ್ಕಳು ತಿನ್ನಬಾರದು. ಬರಿದೆ ಮೇಲೆ ಕಡಿದರೆ ಮುಂದಿನ ಮಳೆಗೆ ಇಮ್ಮಡಿಯಾಗಿ ಚಿಗುರುವ ಗಿಡವಿದು. ಬುಡವನ್ನು ಪಿಕಾಸಿಯಿಂದ ಅಗೆದು ತೆಗೆಯದ ಹೊರತು ಪ್ರತಿ ವರ್ಷವೂ ಇದೇ ಕೆಲಸ ತಪ್ಪಿದ್ದಲ್ಲ. ಇವುಗಳ ನಡುವೆ ಹಬ್ಬಿರುವ ನಸುಗುನ್ನಿ ಬಳ್ಳಿಯ ಕಾಯಿ ಮೈಗೆ ತಾಗಿದರೆ ಉಜ್ಜದೆ, ನೀರು ಸುರಿದು ತೊಳೆಯಬೇಕು. ಗುಲಗಂಜಿಯ ಕೆಂಪು ಕಪ್ಪು ಬೀಜವು ಮಕ್ಕಳ ಕಣ್ಣಿಗೆ ಆಟದ ಮಣಿಯಂತೆ ಕಾಣುತ್ತದೆ. ಅಗಿದು ನುಂಗಿದರೆ ಅದು ಕಡುವಿಷ. ಮಗು ಅದನ್ನು ತಿಂದಿದೆಯೆಂಬ ಅನುಮಾನ ಬಂದರೂ ಸಾಕು, ವಾಂತಿಭೇದಿ ಪ್ರಾರಂಭವಾಗಲೆಂದು ಕಾಯದೆ, ಆ ಬೀಜವನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಬರಬೇಕು. ಇದರ ತೊಂದರೆಯು ಬಹಳ ತಡವಾಗಿ ಕಾಣಿಸಿಕೊಳ್ಳುವುದುಂಟು.

ಯಾರು ಮಾಡಬೇಕು, ಯಾವಾಗ ಮಾಡಬೇಕು?

ಗರ್ಭಿಣಿಯು ಬೇಲಿ ಸವರುವ ಕೆಲಸಕ್ಕೆ ಕೈಹಾಕಬಾರದು. ಕಡಿದ ಸೊಪ್ಪುಸದೆಯನ್ನು ಹೊತ್ತು ಸಾಗಿಸುವುದಕ್ಕೂ, ಅದರಲ್ಲಿ ಸೌದೆ ಆರಿಸುವುದಕ್ಕೂ ಹೋಗಬಾರದು. ಭಾರವಾದ ಕೆಲಸವೆಂಬುದೊಂದೇ ಇದಕ್ಕೆ ಕಾರಣವಲ್ಲ. ಮುಂದೆ ವಿವರಿಸಲಿರುವ ಜ್ವರವು ಗರ್ಭಿಣಿಗೆ ಬಂದರೆ ಒಂದರ ಬದಲು ಎರಡು ಜೀವಗಳು ಅಪಾಯಕ್ಕೀಡಾಗುತ್ತವೆ. ಗಂಡ ಕಡಿಯುವುದು, ಹೆಂಡತಿ ಹೊರುವುದು ಎಂಬ ರೂಢಿ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಏಳು ತಿಂಗಳ ಬಸುರಿಯ ತಲೆಯ ಮೇಲೆ ಮುಳ್ಳಿನ ಹೊರೆ ಕಂಡರೂ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಆಶ್ಚರ್ಯವಾಗಬೇಕು. ಬಾಣಂತಿಯರೂ ಪುಟ್ಟ ಮಕ್ಕಳೂ ಆ ದಿನ ಹಿತ್ತಿಲ ಕಡೆಗೆ ಬಾರದಿರುವುದು ಲೇಸು. ಮಗುವನ್ನು ಅಂಗನವಾಡಿಗೋ ಅಜ್ಜಿಯ ಬಳಿಗೋ ಕಳುಹಿಸಿರಿ.

ಕೆಲಸಕ್ಕೆ ತಕ್ಕ ಹೊತ್ತು ಬೆಳಗ್ಗೆ ಚೆನ್ನಾಗಿ ಬಿಸಿಲು ಬಂದ ಮೇಲೆ. ಹೊಲದಿಂದ ಬಂದು, ಕಾಫಿ ಕುಡಿದು, ಕತ್ತಲಾಗುವಷ್ಟರಲ್ಲಿ ಇಷ್ಟನ್ನು ಕಡಿದುಬಿಡೋಣವೆಂದು ಹೊರಡುವುದು ಬಹಳ ಕೆಟ್ಟ ಅಭ್ಯಾಸ. ಹಾವುಗಳಲ್ಲಿ ಹಲವು ಹೊರಬಂದು ಓಡಾಡಲು ತೊಡಗುವುದು ಮುಸ್ಸಂಜೆಯ ಆ ಹೊತ್ತಿನಲ್ಲಿಯೇ. ಒಬ್ಬರೇ ಮಾಡುವುದೂ ಸಲ್ಲದು. ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಬ್ಬರಿರಬೇಕು.

ಕುಡುಗೋಲಿನ ಗಾಯ, ಮುಳ್ಳಿನ ಗಾಯ, ತುಕ್ಕು ಹಿಡಿದ ತಂತಿಯ ಗೀರು ಇವುಗಳಿಂದ ಧನುರ್ವಾಯು ಬರುವ ಸಂಭವವಿದೆ. ಮಣ್ಣು ಸೇರಿದ ಗಾಯವನ್ನು ಸೋಪು ನೀರಿನಿಂದ ತೊಳೆದು, ಟಿ.ಡಿ. ಚುಚ್ಚುಮದ್ದು ಬೇಕೇ ಎಂದು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಗರ್ಭಿಣಿಯರಿಗೆ ಕೊಡುವ ಟಿ.ಡಿ. ಲಸಿಕೆಯ ವಿವರ ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಗಂಡಸರ ವಿಷಯದಲ್ಲಿ ಇಂಥ ಬರವಣಿಗೆ ಎಲ್ಲಿಯೂ ಇರುವುದಿಲ್ಲವಾದ್ದರಿಂದ ತಾವು ಕಡೆಯ ಬಾರಿ ಯಾವಾಗ ಚುಚ್ಚಿಸಿಕೊಂಡೆವೆಂಬುದು ಅವರಿಗೆ ನೆನಪೇ ಇರುವುದಿಲ್ಲ. ಗೋಡೆಯ ಕ್ಯಾಲೆಂಡರಿನ ಮೇಲಾದರೂ ಬರೆದಿಡಿರಿ.

ಕಡಿಯುವ ಕ್ರಮ

ಮೈತುಂಬ ಬಟ್ಟೆ, ತುಂಬುತೋಳಿನ ಅಂಗಿ, ಕಾಲಿಗೆ ಗಂಬೂಟು ಅಥವಾ ಪಾದ ಮುಚ್ಚುವ ಗಟ್ಟಿ ಷೂ, ಕೈಗೆ ದಪ್ಪ ಗವಸು ಇರಬೇಕು. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿ ಹವಾಯಿ ಚಪ್ಪಲಿಯಲ್ಲಿ ಪೊದೆಗೆ ನುಗ್ಗುವವರನ್ನು ನಾನು ಪ್ರತಿ ವರ್ಷವೂ ಕಾಣುತ್ತೇನೆ. ಹಾವು ಕಚ್ಚುವುದು ಹೆಚ್ಚಾಗಿ ಪಾದ ಮತ್ತು ಕಣಕಾಲಿಗೆ ಎಂಬುದನ್ನು ನೆನೆದರೆ ಗಂಬೂಟಿನ ಬೆಲೆ ದುಬಾರಿಯೆನಿಸದು. ಕಳೆ ಕೊಚ್ಚುವ ಯಂತ್ರವನ್ನು ಬಾಡಿಗೆಗೆ ತರುವವರು ಕನ್ನಡಕವಿಲ್ಲದೆ ಅದನ್ನು ನಡೆಸಬಾರದು. ಅದು ಎಸೆಯುವ ಕಲ್ಲಿನ ಚೂರು ಕಣ್ಣನ್ನೇ ತೆಗೆಯಬಲ್ಲುದು.

ಮೊದಲು ಉದ್ದನೆಯ ಕೋಲಿನಿಂದ ಪೊದೆಯನ್ನು ಬಡಿಯಿರಿ, ನೆಲವನ್ನೂ ಬಡಿಯಿರಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಡಿಯಿರಿ. ಅಲ್ಲಿರುವ ಜೀವಿಗಳಿಗೆ ಹೊರಟುಹೋಗಲು ಒಂದು ಕಡೆ ದಾರಿ ಬಿಟ್ಟಿರಬೇಕು. ಆ ದಾರಿ ಮನೆಯ ಕಡೆಗಿರಬಾರದು. ಆದುದರಿಂದ ಮನೆಯ ಬದಿಯಿಂದ ಕೆಲಸ ಪ್ರಾರಂಭಿಸಿ ಹೊರಗಿನ ಬದಿಗೆ ಸಾಗುವುದು ಕ್ರಮ. ಬಡಿದರೆ ಎಲ್ಲ ಹಾವೂ ಓಡುತ್ತದೆಂದು ನಂಬಿ ಕೂರಬಾರದು. ಕೊಳಕುಮಂಡಲವು ಅನೇಕ ವೇಳೆ ಸದ್ದಿಗೆ ಹೆದರಿ ಓಡದೆ ಸುರುಳಿ ಸುತ್ತಿಕೊಂಡು ಬುಸುಗುಟ್ಟುತ್ತ ಅಲ್ಲಿಯೇ ಇರುತ್ತದೆ. ಒಣಗಿದ ಎಲೆಗಳ ನಡುವೆ ಅದರ ಮೈಬಣ್ಣ ಸುಲಭವಾಗಿ ಗುರುತಿಗೆ ಸಿಕ್ಕದು.

ಎಡಗೈಯಿಂದ ಕೊಂಬೆ ಹಿಡಿದು ಬಲಗೈಯಿಂದ ಕಡಿಯುವುದು ನಮ್ಮ ವಾಡಿಕೆ. ಎಡಗೈ ಹೋಗುವ ಜಾಗವನ್ನು ಕಣ್ಣು ಕಂಡಿರುವುದಿಲ್ಲ. ಕೊಂಬೆಯನ್ನು ಕವೆಗೋಲಿನಿಂದ ಒತ್ತಿಹಿಡಿದು ಕಡಿಯಿರಿ. ಒಂದೇ ಸಲ ಬುಡಕ್ಕೆ ಹೋಗದೆ, ಮೊದಲು ಸೊಂಟದ ಎತ್ತರದಲ್ಲಿ ಕಡಿದು ಸೊಪ್ಪನ್ನು ಕೋಲಿನಿಂದ ಎಳೆದುಹಾಕಿ, ಬುಡಕ್ಕೆ ಬೆಳಕು ಬಿದ್ದ ಮೇಲೆ ಎರಡನೆಯ ಸಲ ನೆಲಮಟ್ಟಕ್ಕೆ ಕಡಿಯಬೇಕು. ಸಾಧ್ಯವಾದರೆ ಎರಡನೆಯ ಕಡಿತವನ್ನು ಮಾರನೆಯ ದಿನಕ್ಕೆ ಇಟ್ಟುಕೊಳ್ಳಿರಿ. ಬಿಲಗಳು ಕಂಡರೆ ಕೈಯಾಗಲಿ ಕಡ್ಡಿಯಾಗಲಿ ಹಾಕದೆ ಕಲ್ಲುಮಣ್ಣಿನಿಂದ ಮುಚ್ಚಬೇಕು. ಇಲಿಯಿದ್ದ ಕಡೆ ಹಾವು ಬರುವುದು ಸಹಜ. ಮುಸುರೆ, ಕಾಳಿನ ಹೊಟ್ಟು ಇವುಗಳನ್ನು ಬೇಲಿಗೆ ಚೆಲ್ಲುತ್ತಿರುವವರೆಗೆ ಇಲಿಯೂ ಇರುತ್ತದೆ.

ಕಡಿದ ರಾಶಿಯನ್ನು ಗೋಡೆಗೆ ಒರಗಿಸಿ ಒಣಗಲು ಬಿಡುವುದು ಸರಿಯಲ್ಲ. ಹಾಗೆ ಮಾಡಿದರೆ ಬೇಲಿಯಲ್ಲಿದ್ದ ಹಾವಿಗೆ ಮನೆಯ ಗೋಡೆಯ ಪಕ್ಕದಲ್ಲಿಯೇ ಹೊಸ ಬಿಡಾರ ಕಟ್ಟಿಕೊಟ್ಟಂತಾಯಿತು. ಒಲೆಗೆ ಬೇಕಾದ ಸೌದೆಯನ್ನು ನೆಲದಿಂದ ಒಂದು ಮೊಳ ಎತ್ತರದ ಅಟ್ಟಣೆಯ ಮೇಲೆ, ಮನೆಯಿಂದ ದೂರದಲ್ಲಿ ಜೋಡಿಸಬೇಕು. ಉಳಿದುದನ್ನು ತಿಪ್ಪೆಗೆ ಹಾಕಿರಿ. ಬೀಜ ಕಟ್ಟಿದ ಪಾರ್ಥೇನಿಯಂ ಅನ್ನು ಮಾತ್ರ ತಿಪ್ಪೆಗೆ ಹಾಕದೆ ಗುಂಡಿಯಲ್ಲಿ ಹೂಳಿರಿ. ಎಲ್ಲವನ್ನೂ ಹಸಿಯಾಗಿಯೇ ಸುಟ್ಟು ಊರೆಲ್ಲ ಹೊಗೆ ಮಾಡುವುದು ಬೇಡ. ಕಳ್ಳಿಯ ಹೊಗೆ, ಪ್ಲಾಸ್ಟಿಕ್ಕಿನ ಹೊಗೆ ಗರ್ಭಿಣಿಗೂ ಕೂಸಿಗೂ ಉಬ್ಬಸದ ಮುದುಕರಿಗೂ ಕೇಡು. ಚಿಪ್ಪು, ಟೈರು, ಒಡೆದ ಕೊಡಗಳನ್ನು ಹೊರಗೆ ತೆಗೆದು ನೀರು ಚೆಲ್ಲಿಬಿಡಿರಿ. ಡೆಂಗೀ ಜ್ವರವನ್ನು ಹರಡುವ ಸೊಳ್ಳೆಯ ತೊಟ್ಟಿಲು ಅವೇ.

ಕಳೆನಾಶಕ ಔಷಧದ ವಿಚಾರ

ಕಡಿಯುವ ಶ್ರಮವೇಕೆ, ಒಂದು ಡಬ್ಬಿ ತಂದು ಸಿಂಪಡಿಸಿದರಾಯಿತು ಎನ್ನುವವರಿದ್ದಾರೆ. ಮನೆಯ ಬೇಲಿಗೆ ಇದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಬೇಲಿಯ ಬದಿಯಲ್ಲಿ ಬಾವಿಯಿರುತ್ತದೆ, ಕೋಳಿಗಳಿರುತ್ತವೆ, ಮಗು ಮಣ್ಣಿನಲ್ಲಿ ಆಡುತ್ತದೆ. ಅದಕ್ಕಿಂತ ಮಿಗಿಲಾಗಿ, ಉಳಿದ ಔಷಧವು ಮನೆಯೊಳಗೆ ಬಂದು ಕೂರುತ್ತದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕದ ಒಂದು ಗುಟುಕು ಒಳಗೆ ಹೋದರೂ ಅದಕ್ಕೆ ಪ್ರತಿವಿಷವೆಂಬುದು ಇಲ್ಲ. ದಿನಗಳುರುಳಿದಂತೆ ಶ್ವಾಸಕೋಶ ಗಟ್ಟಿಯಾಗಿ ರೋಗಿಯು ಕಣ್ಣೆದುರೇ ಉಸಿರಿಗಾಗಿ ಒದ್ದಾಡುವುದನ್ನು ನೋಡುತ್ತ ನಿಲ್ಲಬೇಕಾಗುತ್ತದೆ. ಹೊಲಕ್ಕಾಗಿ ಯಾವುದೇ ವಿಷೌಷಧವನ್ನು ತಂದಿದ್ದರೂ ಶರಬತ್ತಿನ ಶೀಶೆಗೆ ಬಗ್ಗಿಸಿಡಬಾರದು. ಬೀಗವಿರುವ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಒಬ್ಬರೇ ಇಟ್ಟುಕೊಳ್ಳಬೇಕು. ಮಕ್ಕಳ ಕೈಗೆ ಸಿಗದಿರಲೆಂಬುದು ಒಂದು ಕಾರಣ. ಮನೆಯಲ್ಲಿ ಮಾತಿಗೆ ಮಾತು ಬೆಳೆದ ಹೊತ್ತಿನಲ್ಲಿ ದೊಡ್ಡವರ ಕೈಗೂ ಸಿಗದಿರಲೆಂಬುದು ಇನ್ನೊಂದು.

ನೆರೆಮನೆಯವರೊಡನೆ

ಎಷ್ಟೋ ಬೇಲಿಗಳು ಪೊದೆಯಾಗಿರುವುದಕ್ಕೆ ಕಾರಣ ಸೋಮಾರಿತನವಲ್ಲ, ಅದು ಯಾರ ಬೇಲಿಯೆಂಬ ತಕರಾರು. ನಾವು ಕಡಿದರೆ ಜಾಗ ಒತ್ತಿದರೆಂದು ಅವರು ಜಗಳಕ್ಕೆ ಬರುತ್ತಾರೆಂದು ಇವರು, ಇವರು ಕಡಿಯಲಿ ನೋಡೋಣವೆಂದು ಅವರು. ಬೇಲಿ ಸರಿಸುವುದು ಬೇರೆ, ಬೇಲಿ ಸವರುವುದು ಬೇರೆ. ಎಲ್ಲೆಯ ಕಲ್ಲನ್ನೂ ಮೂಲ ಗಿಡಗಳನ್ನೂ ಮುಟ್ಟದೆ, ಎರಡು ಮನೆಯವರೂ ಒಂದೇ ದಿನ ತಮ್ಮ ತಮ್ಮ ಬದಿಯನ್ನು ಸವರಿಕೊಂಡರೆ ತಕರಾರಿಗೆ ಎಡೆಯಿಲ್ಲ. ಒಂದು ಬದಿ ಮಾತ್ರ ಕಡಿದರೆ ಹಾವು, ಇಲಿಗಳು ಆಚೆಯ ಬದಿಗೆ ಹೋಗಿ ರಾತ್ರಿ ಮರಳುತ್ತವೆ. ಹೆಂಗಸರು ಹೆಂಗಸರೊಡನೆ ಮಾತನಾಡಿದರೆ ಈ ಕೆಲಸ ಬೇಗನೆ ಆಗುವುದನ್ನು ಕಂಡಿದ್ದೇನೆ.

ಬೇಲಿಯನ್ನು ಪೂರ್ತಿ ಬೋಳು ಮಾಡಬೇಕೆಂದು ಇದರ ಅರ್ಥವಲ್ಲ. ಬುಡದಲ್ಲಿ ಒಂದು ಮೊಳದಷ್ಟು ಎತ್ತರಕ್ಕೆ ಆಚೆಯ ಬೆಳಕು ಕಾಣುವಂತಿರಬೇಕು, ಬೇಲಿಗೂ ಗೋಡೆಗೂ ನಡುವೆ ಮೂರು ನಾಲ್ಕು ಅಡಿ ಶುಭ್ರವಾದ ನೆಲವಿರಬೇಕು. ಬಚ್ಚಲು, ಶೌಚಾಲಯಗಳಿಗೆ ಹೋಗುವ ದಾರಿಯಲ್ಲಿ ದೀಪವಿರಬೇಕು. ತೆರವಾದ ಕಡೆ ನುಗ್ಗೆ, ಕರಿಬೇವು, ದಾಸವಾಳ, ಆಡುಸೋಗೆಗಳನ್ನು ನೆಡಬಹುದು. ನುಗ್ಗೆಸೊಪ್ಪು ಬಸುರಿಗೆ ಒಳ್ಳೆಯ ಆಹಾರ. ಆದರೆ ಸೊಪ್ಪು ತಿನ್ನುತ್ತೇನೆಂದು ಕಬ್ಬಿಣಾಂಶದ ಮಾತ್ರೆಗಳನ್ನು ಡಬ್ಬಿಯಲ್ಲಿಯೇ ಉಳಿಸಬಾರದು.

ಹಾವು ಕಚ್ಚಿದರೆ

ನಮ್ಮ ದೇಶದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು 12 ಲಕ್ಷ ಜನರು, ಎಂದರೆ ವರ್ಷಕ್ಕೆ ಸರಾಸರಿ 58,000 ಜನರು, ಹಾವಿನ ಕಡಿತದಿಂದ ಮೃತಪಟ್ಟರೆಂದು ಅಂದಾಜು ಮಾಡಲಾಗಿದೆ. ಇವರಲ್ಲಿ ಬಹುಮಂದಿ ಹಳ್ಳಿಯವರು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು.

ನಮ್ಮಲ್ಲಿ ಹೆಚ್ಚಿನ ಸಾವುಗಳಿಗೆ ಕಾರಣವಾಗುವ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ಈ ನಾಲ್ಕರ ವಿಷಕ್ಕೂ ಸೇರಿ ಒಂದೇ ಪ್ರತಿವಿಷವಿದೆ. ಹಾವನ್ನು ಕೊಂದು ಆಸ್ಪತ್ರೆಗೆ ತರಬೇಕಾದ ಅಗತ್ಯವಿಲ್ಲ. ಅದನ್ನು ಕೊಲ್ಲಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದುಂಟು. ಪ್ರತಿವಿಷವನ್ನು ಗರ್ಭಿಣಿಗೂ ಕೊಡಬಹುದು, ಕೊಡಲೇಬೇಕು. ಮಗುವಿಗೂ ದೊಡ್ಡವರಷ್ಟೇ ಪ್ರಮಾಣ. ಹಾವು ಬಿಡುವ ವಿಷ ಮಗು ಚಿಕ್ಕದೆಂದು ಕಡಿಮೆಯಾಗುವುದಿಲ್ಲ.

ಒಂದು ಪ್ರಕರಣವನ್ನು ಹೇಳುತ್ತೇನೆ. ಸಂಜೆಯ ಮಬ್ಬಿನಲ್ಲಿ ಬೇಲಿಯ ಬುಡದ ಒಣಸೊಪ್ಪನ್ನು ಕೈಯಿಂದ ಬಾಚುತ್ತಿದ್ದ ರೈತರೊಬ್ಬರ ಬೆರಳಿಗೆ ಮಂಡಲದ ಹಾವು ಕಚ್ಚಿತು. ಸುತ್ತಲಿದ್ದವರು ಕೂಡಲೇ ಸೆಣಬಿನ ಹುರಿಯಿಂದ ಮಣಿಕಟ್ಟಿಗೂ ಬೆರಳಿಗೂ ಬಿಗಿದು ಕಟ್ಟಿ, ಬ್ಲೇಡಿನಿಂದ ಗಾಯವನ್ನು ಕೊಯ್ದು, ಮದ್ದು ಕೊಡುವವರೊಬ್ಬರ ಬಳಿಗೆ ಕರೆದೊಯ್ದರು. ಅಲ್ಲಿಂದ ನಮ್ಮ ಕೇಂದ್ರಕ್ಕೆ ಬರುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಮಂಡಲದ ವಿಷವು ರಕ್ತವನ್ನು ಹೆಪ್ಪುಗಟ್ಟದಂತೆ ಮಾಡುವುದರಿಂದ ಕೊಯ್ದ ಗಾಯದ ರಕ್ತ ನಿಲ್ಲುತ್ತಲೇ ಇರಲಿಲ್ಲ. ಪ್ರತಿವಿಷ ಕೊಟ್ಟು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು. ಜೀವ ಉಳಿಯಿತು, ಬೆರಳು ಉಳಿಯಲಿಲ್ಲ. ಬೆರಳನ್ನು ಕಳೆದುದರಲ್ಲಿ ಹಾವಿನ ಪಾಲೆಷ್ಟು, ಹುರಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಬಿಗಿಯಾದ ಕಟ್ಟು ಕಟ್ಟಬೇಡಿರಿ, ಕೊಯ್ಯಬೇಡಿರಿ, ಬಾಯಿಂದ ಹೀರಬೇಡಿರಿ. ಕಚ್ಚಿದ ಕೈಗೋ ಕಾಲಿಗೋ ಊತ ಬರುವ ಮೊದಲೇ ಉಂಗುರ, ಬಳೆ, ಕಾಲುಂಗುರ, ಕಾಲ್ಗೆಜ್ಜೆಗಳನ್ನು ತೆಗೆಯಿರಿ. ಕಾಲುಂಗುರ ತೆಗೆಯುವುದು ಅಪಶಕುನವೆಂದು ಹಿಂಜರಿಯಬೇಡಿರಿ. ಊದಿದ ಬೆರಳಿನಲ್ಲಿ ಅದು ಸಿಕ್ಕಿಕೊಂಡು ರಕ್ತಸಂಚಾರವನ್ನೇ ನಿಲ್ಲಿಸುತ್ತದೆ. ಮೂಳೆ ಮುರಿದಾಗ ಮಾಡುವಂತೆ ಒಂದು ದಬ್ಬೆಯಿಟ್ಟು ಬಟ್ಟೆಯಿಂದ ಸಡಿಲವಾಗಿ ಸುತ್ತಿ, ಆ ಅಂಗವು ಅಲುಗದಂತೆ ಮಾಡಿರಿ. ರೋಗಿಯನ್ನು ನಡೆಸಬೇಡಿರಿ. 108ಕ್ಕೆ ಕರೆಮಾಡಿರಿ. ಗರ್ಭಿಣಿಯಾದರೆ ಎಡಮಗ್ಗುಲಾಗಿ ಮಲಗಿಸಿ ತನ್ನಿರಿ. ಯಾರಾದರೂ ಈಗಾಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ನೀವಾಗಿ ಒಮ್ಮೆಲೇ ಬಿಚ್ಚದೆ ವೈದ್ಯರಿಗೆ ಬಿಡಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿವಿಷವನ್ನು ಉಚಿತವಾಗಿ ಕೊಡಲಾಗುತ್ತದೆ.

ಕಟ್ಟುಹಾವಿನ ವಿಷಯದಲ್ಲಿ ಒಂದು ಮಾತು. ಅದು ಕಚ್ಚಿದ ಗುರುತು ಕಾಣದಿರಬಹುದು, ನೋವೂ ಆಗದಿರಬಹುದು. ಬೇಲಿ ಕಡಿದ ರಾತ್ರಿ ನೆಲದ ಮೇಲೆ ಮಲಗಿದ್ದವರು ನಡುರಾತ್ರಿಯಲ್ಲಿ ಹೊಟ್ಟೆನೋವೆಂದು ಎದ್ದು, ರೆಪ್ಪೆ ಮೇಲೆತ್ತಲಾಗುತ್ತಿಲ್ಲ, ನುಂಗಲಾಗುತ್ತಿಲ್ಲವೆಂದರೆ ಬೆಳಗಾಗುವವರೆಗೆ ಕಾಯಬೇಡಿರಿ. ಆ ದಿನಗಳಲ್ಲಿ ಮಂಚದ ಮೇಲೆ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗುವುದು ಕ್ಷೇಮ.

ಮೂರು ವಾರಗಳವರೆಗಿನ ಎಚ್ಚರ

ಕೆಲಸ ಮುಗಿದೊಡನೆ ಬಟ್ಟೆಗಳನ್ನು ಹೊರಗೇ ಕಳಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈಯುಜ್ಜಿ ಸ್ನಾನ ಮಾಡಬೇಕು. ಪೊದೆಯ ಬುಡದ ಹುಲ್ಲಿನಲ್ಲಿ, ಇಲಿಗಳು ಓಡಾಡುವ ಕಡೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿಗಳಿರುತ್ತವೆ. ಅವು ಬಟ್ಟೆಯೊಳಗೆ ಸೇರಿ, ಬಿಗಿಯಾದ ಅಥವಾ ಮಡಿಕೆಯಾದ ಜಾಗ ಸಿಕ್ಕಿದೊಡನೆ ಕಚ್ಚಿ ಕೂರುತ್ತವೆ. ಕೆಲವು ನುಸಿಗಳಲ್ಲಿರುವ ರೋಗಾಣುವು ಆಗ ದೇಹವನ್ನು ಸೇರುತ್ತದೆ. ಈ ಜ್ವರಕ್ಕೆ ಸ್ಕ್ರಬ್ ಟೈಫಸ್ ಎಂದು ಹೆಸರು. ಹೆಸರಿನ ಹೋಲಿಕೆಯಿದ್ದರೂ ಇದು ಟೈಫಾಯಿಡ್ ಅಲ್ಲ. ಕಚ್ಚಿದ ಆರು ದಿನಗಳಿಂದ ಇಪ್ಪತ್ತೊಂದು ದಿನಗಳೊಳಗೆ ಚಳಿಜ್ವರ, ತೀವ್ರ ತಲೆನೋವು, ಮೈಕೈನೋವು ಪ್ರಾರಂಭವಾಗುತ್ತವೆ. ಅಷ್ಟು ಹೊತ್ತಿಗೆ ಬೇಲಿ ಕಡಿದದ್ದು ಯಾರಿಗೂ ನೆನಪಿರುವುದಿಲ್ಲ.

ಈ ರೋಗವನ್ನು ಗುರುತಿಸಲು ದೇಹವೇ ಒಂದು ಸುಳಿವು ಕೊಡುತ್ತದೆ. ನುಸಿ ಕಚ್ಚಿದ ಜಾಗದಲ್ಲಿ ಬೀಡಿಯ ಕಿಡಿ ತಾಗಿ ಸುಟ್ಟಂಥ ಒಂದು ಕಪ್ಪು ಹೆಕ್ಕಳೆಯ ಗಾಯವಾಗುತ್ತದೆ. ಎಲ್ಲರಲ್ಲಿಯೂ ಅದು ಕಾಣುವುದಿಲ್ಲ. ಇದ್ದರೂ ನೋಯುವುದಿಲ್ಲ, ತುರಿಸುವುದಿಲ್ಲ. ಹಾಗಾಗಿ ರೋಗಿಗೇ ಅದರ ಅರಿವಿರುವುದಿಲ್ಲ. ಅದು ಇರುವ ಜಾಗಗಳೂ ಅಂಥವೇ: ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಲಂಗದ ಲಾಡಿ ಕಟ್ಟುವ ಸೊಂಟದ ಸುತ್ತ, ಬೆನ್ನಿನ ಕೆಳಭಾಗ. ಗಂಡಸು ವೈದ್ಯರಿಗೆ ತೋರಿಸಲು ಹೆಂಗಸರು ನಾಚುತ್ತಾರೆ. ಎಲ್ಲಿಯೂ ಗಾಯವಿಲ್ಲ ಸಾರ್ ಎಂದು ಹೇಳಿ ಜ್ವರದ ಮಾತ್ರೆ ತೆಗೆದುಕೊಂಡು ಹೊರಟುಬಿಡುತ್ತಾರೆ.

ಕಳೆದ ಕೆಲವು ವರ್ಷಗಳಲ್ಲಿ ನಾನು ನೋಡಿದ ರೋಗಿಗಳಲ್ಲಿ ಆರು ತಿಂಗಳ ಗರ್ಭಿಣಿಯೊಬ್ಬರು ಎಂಟು ದಿನದ ಜ್ವರದೊಂದಿಗೆ ಬಂದಿದ್ದರು. ಮಲೇರಿಯ ಇರಲಿಲ್ಲ, ಡೆಂಗೀ ಇರಲಿಲ್ಲ. ದೃಷ್ಟಿ ತಗಲಿದೆಯೆಂದು ಮನೆಯಲ್ಲಿ ನೀವಾಳಿಸಿ ತೆಗೆದಿದ್ದರು. ನಮ್ಮ ದಾದಿಯವರು ಪರದೆಯ ಹಿಂದೆ ಕರೆದೊಯ್ದು ತಲೆಯಿಂದ ಕಾಲಿನವರೆಗೆ ನೋಡಿದಾಗ ಸೊಂಟದ ಮಡಿಕೆಯಲ್ಲಿ ಆ ಕಪ್ಪು ಗಾಯ ಕಂಡಿತು. ಕೇಳಿದಾಗ, ಹದಿನೈದು ದಿನಗಳ ಹಿಂದೆ ಬೇಲಿಯ ಸೊಪ್ಪನ್ನು ಹೊತ್ತು ತಿಪ್ಪೆಗೆ ಹಾಕಿದ್ದೆನೆಂದು ಆಕೆಯೇ ನೆನಪಿಸಿಕೊಂಡರು. ಔಷಧ ಪ್ರಾರಂಭಿಸಿದ ಎರಡನೆಯ ದಿನವೇ ಜ್ವರ ಇಳಿಯಿತು. ಚಿಕಿತ್ಸೆ ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳುಗಳಿಗೆ ರೋಗ ವ್ಯಾಪಿಸುತ್ತದೆ. ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ಹೊಟ್ಟೆಯಲ್ಲಿಯೇ ಮಗುವಿನ ಸಾವು ಉಂಟಾಗಬಹುದು. ಇಷ್ಟು ಭಯಂಕರವಾದ ಕಾಯಿಲೆಗೆ ಬೇಕಾದ ಔಷಧ ದುಬಾರಿಯದಲ್ಲ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್, ಗರ್ಭಿಣಿಯರಿಗೆ ಅಜಿತ್ರೊಮೈಸಿನ್. ಯಾವುದನ್ನು ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಅಂಗಡಿಯಿಂದ ನೀವೇ ತಂದು ನುಂಗಬಾರದು.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಮುಂತಾದ ಮಲೆನಾಡಿನ ಜಿಲ್ಲೆಗಳಲ್ಲಿ ಕಾಡಂಚಿಗೆ ಮನೆಯಿರುವವರು ಉಣ್ಣೆಯ ಬಗ್ಗೆಯೂ ಜಾಗರೂಕರಾಗಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಉಣ್ಣೆಯ ಕಡಿತದಿಂದ ಬರುತ್ತದೆ. ಇದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಎಂದರೆ ಬೇಲಿ ಸವರುವ, ತರಗೆಲೆ ಗುಡಿಸುವ ಕಾಲದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಉಣ್ಣೆಯನ್ನು ದೂರವಿಡುವ ತೈಲವನ್ನು ಆರೋಗ್ಯ ಸಿಬ್ಬಂದಿಯಿಂದ ಕೇಳಿ ಪಡೆದು ಕೈಕಾಲುಗಳಿಗೆ ಹಚ್ಚಿಕೊಂಡು ಕೆಲಸಕ್ಕೆ ಇಳಿಯಿರಿ. ಸುತ್ತಮುತ್ತ ಮಂಗ ಸತ್ತುಬಿದ್ದಿದ್ದರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ಬೇಲಿ ಸವರಿದ ದಿನಾಂಕವನ್ನು ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಅಂದಿನಿಂದ ಮೂರು ವಾರಗಳೊಳಗೆ ಮನೆಯಲ್ಲಿ ಯಾರಿಗೇ ಜ್ವರ ಬಂದರೂ, ಡಾಕ್ಟರು ಕೇಳಲಿ ಬಿಡಲಿ, ಇಂಥ ದಿನ ಪೊದೆ ಕಡಿದಿದ್ದೆವು ಎಂದು ಹೇಳಿರಿ. ಆಸ್ಪತ್ರೆಗೆ ಬರುವ ಮುನ್ನ ಗಂಡ ಹೆಂಡತಿಯ ಬೆನ್ನನ್ನೂ, ಹೆಂಡತಿ ಗಂಡನ ಬೆನ್ನನ್ನೂ, ತಾಯಿ ಮಗುವಿನ ಕಂಕುಳು, ತೊಡೆಸಂದು, ಕಿವಿಯ ಹಿಂಭಾಗಗಳನ್ನೂ ಬೆಳಕಿನಲ್ಲಿ ಒಮ್ಮೆ ನೋಡಿರಿ. ಕಪ್ಪು ಗಾಯವೇನಾದರೂ ಕಂಡರೆ ಅದಕ್ಕೆ ಅರಿಸಿನ, ಸುಣ್ಣ ಹಚ್ಚಿ ಮುಚ್ಚದೆ ಹಾಗೆಯೇ ಬನ್ನಿರಿ. ವೈದ್ಯರಿಗೆ ತೋರಿಸಲು ಸಂಕೋಚವೆನಿಸಿದರೆ ದಾದಿಯವರಿಗೆ ಅಥವಾ ಜೊತೆಗೆ ಬಂದ ಆಶಾ ಕಾರ್ಯಕರ್ತೆಗೆ ತೋರಿಸಿರಿ, ಅವರು ನಮಗೆ ಹೇಳುತ್ತಾರೆ.